ಸಮಾಧಾನಕ್ಕೆ ಅಂದ ಮಾತು

ಯಾರಾದರೂ ಕಣ್ಣೀರು ಹಾಕಿದರೆ ಸಾಕು, ದೊಡ್ಡಕ್ಕನ ಕರುಳು ಚುರುಕ್ಕೆನ್ನುತ್ತದೆ. ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡಾದರೂ ಎದುರಿನವರಿಗೆ ಸಮಾಧಾನ ಮಾಡಿಬಿಡುತ್ತಾಳೆ. ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದ ಮುಚ್ಚಳ ಕಳಚಿಬಿದ್ದು ಬಲಗೈ ಬೆಂದುಹೋದ ದಿನವೂ ಅದನ್ನೇ ಮಾಡಿದಳು. ಆಸ್ಪತ್ರೆಯಲ್ಲಿ ಅವಳ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ಮಂಚದ ಪಕ್ಕ ನಿಂತು ಬಿಕ್ಕುತ್ತಿದ್ದ. ಅದನ್ನು ನೋಡಲಾರದೆ, "ನನ್ನದೇ ತಪ್ಪು ಬಿಡಣ್ಣ, ಎಲ್ಲೋ ನೋಡ್ತಿದ್ದೆ" ಅಂದುಬಿಟ್ಟಳು. ಬಾಗಿಲಲ್ಲಿ ಲಾಂಡ್ರಿ ಕಂಪನಿಯ ಮ್ಯಾನೇಜರ್ ನಿಂತಿದ್ದ. ಅವನಿಗೆ ಅಷ್ಟೇ ಸಾಕಾಯಿತು. ಅಜಾಗರೂಕತೆ ಅವಳದೇ ಎಂದು ಕಂಪನಿ ವಾದಿಸಿತು, ಪರಿಹಾರದ ಅರ್ಜಿ ವಜಾ ಆಯಿತು.

ಈಗ ಮುಷ್ಟಿ ಕಟ್ಟಲು ಬರುವುದಿಲ್ಲ. ಇನ್ನೊಂದು ಆಪರೇಷನ್ ಆದರೆ ಬೆರಳು ಮಡಚಬಹುದು ಎಂದಿದ್ದಾರೆ ಡಾಕ್ಟರು. ಪರಿಹಾರ ಸಿಗದಿದ್ದರೆ ಅದು ಕನಸೇ. ಮೇಲ್ಮನವಿ ಹಾಕಿಸಿದ್ದು ನಾದಿನಿ. ಮಹಾ ಬಾಯಿಯ ಹೆಂಗಸು. "ಒಳ್ಳೆಯವಳು ಅನ್ನಿಸ್ಕೊಳ್ಳೋಕೆ ಹೋಗಿ ಕಾಲ ಮೇಲೆ ಕಲ್ಲು ಹಾಕ್ಕೊಂಡ್ರಲ್ಲ ಅತ್ತಿಗೆ" ಎಂದು ವಿಚಾರಣೆಗೆ ಹೊರಟ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಂಗಳಾರತಿ ಎತ್ತಿದಳು. ಪಕ್ಕದ ಸೀಟಿನವರೂ ಹೌದೌದು ಎಂದು ತಲೆಯಾಡಿಸಿದರು.

ವಿಚಾರಣೆಯ ಕೋಣೆಯಲ್ಲಿ ಗರಗರ ಎನ್ನುವ ಫ್ಯಾನು, ಮೇಜಿನ ಆಚೆ ಕನ್ನಡಕದ ಅಧಿಕಾರಿಣಿ. ಕಂಪನಿ ತನ್ನ ಸಾಕ್ಷಿಯಾಗಿ ಮೇಸ್ತ್ರಿಯನ್ನೇ ಕರೆತಂದಿತ್ತು. ಅವನು ಅಪ್ಪಿತಪ್ಪಿಯೂ ದೊಡ್ಡಕ್ಕನ ಕಡೆ ನೋಡಲಿಲ್ಲ.

ಈಕೆ ತಪ್ಪೊಪ್ಪಿಕೊಂಡಿದ್ದು ನಿಜವೇ ಎಂದು ಕಂಪನಿಯ ವಕೀಲ ಕೇಳಿದ. ನಿಜ ಎಂದ ಮೇಸ್ತ್ರಿ. ವಕೀಲ ಗೆದ್ದವನಂತೆ ಕೂತ. ಇನ್ನೇನಾದರೂ ಹೇಳುವುದಿದೆಯೇ ಎಂದು ಅಧಿಕಾರಿಣಿ ವಾಡಿಕೆಗೆ ಕೇಳಿದರು. ಇದೆ ಎಂದ ಮೇಸ್ತ್ರಿ.

"ದೊಡ್ಡಕ್ಕನ ತಪ್ಪಾಗಿದ್ರೆ ಅವತ್ತು ನಾನ್ಯಾಕೆ ಅಳ್ತಿದ್ದೆ ಮೇಡಂ? ಮುಚ್ಚಳದ ಕೊಂಡಿ ಮುರಿದಿದ್ದು ನನಗೆ ಗೊತ್ತಿತ್ತು, ಮ್ಯಾನೇಜರ್‌ಗೂ ಗೊತ್ತಿತ್ತು. ಇವತ್ತೊಂದಿನ ಹೇಗೋ ತಳ್ಳು ಅಂತ ದೊಡ್ಡಕ್ಕಂಗೆ ಅಂದೋನು ನಾನೇ."

ವಕೀಲ ಎದ್ದು ಏನೇನೋ ತೊದಲಿದ. ಅಧಿಕಾರಿಣಿ ಕೈಯೆತ್ತಿ ಅವನನ್ನು ಕೂರಿಸಿ, ಮೇಸ್ತ್ರಿಯನ್ನು ಮತ್ತೆ ಮತ್ತೆ ಕೆದಕಿದರು. ಅವನ ಮಾತು ಬದಲಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಳೆಯ ಆದೇಶ ರದ್ದಾಯಿತು; ಆಪರೇಷನ್ ಖರ್ಚೂ ಸೇರಿ ಪರಿಹಾರ ಕಂಪನಿಯೇ ಕೊಡಬೇಕೆಂದಾಯಿತು. ದೊಡ್ಡಕ್ಕನಿಗೆ ಖುಷಿಯಲ್ಲಿ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಮೇಸ್ತ್ರಿ ಒಬ್ಬನೇ ಕೂತಿದ್ದ. ನಾಳೆಯಿಂದ ತನಗೆ ಕೆಲಸ ಇರುತ್ತದೋ ಇಲ್ಲವೋ ಎಂದ. ಹಾಗೇನೂ ಆಗಲ್ಲ ಬಿಡಣ್ಣ ಎಂಬ ಮಾತು ದೊಡ್ಡಕ್ಕನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನಾದಿನಿ ಕಣ್ಣು ಕೆಂಪಗೆ ಮಾಡಿದಳು. ದೊಡ್ಡಕ್ಕ ಅದನ್ನು ನುಂಗಿಕೊಂಡು ಅವನ ಪಕ್ಕ ಕೂತಳು.

"ಹೋದ್ರೂ ಹೋಗಬಹುದಣ್ಣ," ಅಂದಳು. "ಹೋದ್ರೆ ನೀನೂ ಕೇಸು ಹಾಕು. ಸಾಕ್ಷಿ ಹೇಳೋಕೆ ನಾನು ಬರ್ತೀನಿ."