ಸಾಮಾನಿನ ವಿಮಾನ

ರಾಳದ ವಾಸನೆ ಉಗುರಸಂದಿಯಿಂದ ಹೋಗುವುದೇ ಇಲ್ಲ, ಸೀಗೆಪುಡಿ ಹಾಕಿ ತಿಕ್ಕಿದರೂ, ಬೂದಿ ಹಚ್ಚಿ ತೊಳೆದರೂ, ಇನ್ನು ಇದೇ ಬೆರಳಿನಿಂದ ಕುಂಕುಮ ಹಚ್ಚಬೇಕು, ಹಣೆಯಿಲ್ಲದ ಕಡೆ ಹಚ್ಚಬೇಕು — ಕುಮುದಿನಿ ಬೆರಳನ್ನು ಮತ್ತೊಮ್ಮೆ ಮೂಗಿನ ಹತ್ತಿರ ತಂದಳು, ಹೌದು, ಇದೆ, ಹಿತ್ತಲಗೋಡೆಯಾಚೆಯ ಫಕ್ರುನ್ನಿಸಾಳ ಮನೆಯ ಒಲೆಯ ವಾಸನೆ ಅದು, ಆಕೆಯ ಗಂಡ ಬಿದರಿ ಹೂಜಿಯನ್ನು ಅಲುಗದ ಹಾಗೆ ರಾಳದಲ್ಲಿ ಕೂರಿಸಿ ಬೆಳ್ಳಿತಂತಿ ಬಡಿಯುತ್ತಾನೆ, ಗೋಡೆಯ ಮೇಲಿಂದ ಒಂದು ಉಂಡೆ ರಾಳ, ಒಂದು ಸವೆದ ಉಳಿ ಕೊಟ್ಟು, ಏನ್ ಮಾಡ್ತಿ ಬೇಟಿ ಇದನ್ನ ತಗೊಂಡು, ಲಗ್ನಕ್ಕ ಹೂಜಿ ನೀನೇ ಮಾಡ್ಕೋತಿ ಏನ, ಅಂದು ನಕ್ಕಿದ್ದಳು, ಕುಮುದಿನಿ ಎರಡನ್ನೂ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಒಳಗೆ ಆಯಿ ಪಾಟ ಎಳೆಯುವ ಸದ್ದು, ಫರಸಿಕಲ್ಲಿನ ಮೇಲೆ ಮಣೆಯ ಮರ ಕಿರ್ರೆನ್ನುತ್ತದೆ, ಪಾಟದ ಸುತ್ತ ರಂಗೋಲಿ ಆಯಿಯೇ ಹಾಕುತ್ತಾಳಂತೆ, ಕಣ್ಣಿಗೆ ಪೊರೆ ಬಂದು ಎರಡು ವರ್ಷವಾದರೂ ಮಗನ ಪಾಟದ ರಂಗೋಲಿ ಬೇರೆಯವರ ಕೈಗೆ ಕೊಡಲಾರಳು, ಇವತ್ತು ಭಾವಬೀಜ, ತಂಗಿ ಅಣ್ಣನನ್ನು ಪಾಟದ ಮೇಲೆ ಕೂರಿಸಿ ಬೆಳಗುವ ದಿನ, ಬೆಳಗಿದ ಮೇಲೆ ಅಣ್ಣ ತಾಟಿನಲ್ಲಿ ಓವಾಳಣಿಯ ಉಡುಗೊರೆ ಹಾಕುತ್ತಾನೆ, ಹೋದ ವರ್ಷ ನಾರಾಯಣದಾದಾ ಹಾಕಿದ್ದು ಹೈದರಾಬಾದಿನ ಬಳೆ, ಅದಕ್ಕೂ ಹಿಂದಿನ ವರ್ಷ ಪೆಪ್ಪರಮಿಂಟಿನ ಡಬ್ಬಿ, ಈ ವರ್ಷ ಇದು, ಇದೋ ತೊಡೆಯ ಮೇಲೆ, ಹಗುರ ಕಟ್ಟಿಗೆಯ ವಿಮಾನ, ಒಂದು ಮೊಳವೂ ಇಲ್ಲ, ರೆಕ್ಕೆಯ ತುದಿಯಲ್ಲಿ ಅಂಟು ಇನ್ನೂ ಹಸಿ. ಅದು ಬಂದದ್ದು ದಾದಾನ ಟ್ರಂಕಿನಲ್ಲಿ, ಅವನ ಎರಡು ಅಂಗಿಗಳ ನಡುವೆ, ಒಡೆಯದ ಪೆಟ್ಟಿಗೆ, ಮೇಲೆ ಬಣ್ಣದ ಚಿತ್ರ, ನೀಲಿ ಪಟ್ಟೆಯ ವಿಮಾನ, ಕಿಟಕಿ ಕಿಟಕಿಗೂ ಒಂದೊಂದು ಮುಖ, ಟೋಪಿ ಹಾಕಿದ ಒಬ್ಬ ಸಾಹೇಬ, ಕೂಸನ್ನು ಎತ್ತಿಕೊಂಡ ಒಬ್ಬಾಕೆ. ಒಳಗೆ ಜೋಡಿಸಿಕೊಳ್ಳುವ ತುಂಡುಗಳು, ಮೈಯ ಕೊರೆದ ಎರಡು ಹೋಳು, ರೆಕ್ಕೆ, ಬಾಲ, ಕಾಳಿನಷ್ಟು ಚಿಕ್ಕ ಕುರ್ಚಿಗಳು, ಒಂದು ಬಾಗಿಲು. ಜತೆಗಿದ್ದ ಹಾಳೆ ಇಂಗ್ಲಿಷಿನದು, ಅವಳು ಓದಿದ್ದು ನಾಲ್ಕನೆಯ ಇಯತ್ತೆಯ ಉರ್ದು, ಗಲಾಟೆಯ ವರ್ಷ ಬಾಬಾ ಸಾಲಿ ಬಿಡಿಸಿದರು, ಆಮೇಲೆ ಗಲಾಟೆ ನಿಂತಿತು, ಸಾಲಿಗೆ ಕಳಿಸುವುದನ್ನು ಮಾತ್ರ ಎಲ್ಲರೂ ಮರೆತರು, ಚಿತ್ರ ನೋಡಿಯೇ ಜೋಡಿಸಿದಳು, ನೋಡುವುದೊಂದು ಅವಳಿಗೆ ಚೆನ್ನಾಗಿ ಬರುತ್ತದೆ, ಪರದೆಯ ಹಿಂದೆ ನಿಂತು, ಬಾಗಿಲ ಸಂದಿಯಲ್ಲಿ, ಕೊಡ ಹೊತ್ತು ತಲೆ ತಗ್ಗಿಸಿ ನಡೆಯುವಾಗಲೂ.

ಪರದೆಯ ಹಿಂದೆ ನಿಲ್ಲಬಾರದಿತ್ತು. ನಿಂತಿದ್ದಳು. ದಸರಾಕ್ಕೆ ಮೊದಲು, ಪಡಸಾಲೆಯ ಜಮಖಾನೆಯ ಮೇಲೆ ಭಾಲ್ಕಿಯ ಸಲಾವೋದ್ದೀನ, ದಾದಾನ ಜತೆ ವಿಮಾನದಲ್ಲಿ ಕೆಲಸ ಮಾಡಿದವನು, ದಾದಾ ಸತ್ತ ಮೇಲೆ ಅವನ ಟ್ರಂಕು ತಂದವನು, ಕಪ್ಪಿನ ಚಹಾ ಆರಿ ಕೆನೆ ಕಟ್ಟುತ್ತಿದೆ, ಅವನು ಮುಟ್ಟುತ್ತಿಲ್ಲ, ಬಾಬಾರ ಮುಖ ನೋಡುತ್ತಿಲ್ಲ. ಝೂಟ ಹೇಳಾಂಗಿಲ್ಲ ಸಾಬ್, ಅದು ಮಂದಿ ಕೂಡೂ ವಿಮಾನ ಅಲ್ರಿ, ಸಾಮಾನಿಂದು. ಕುರ್ಚಿ ಒಂದೂ ಇರಾಂಗಿಲ್ರಿ, ಕಿತ್ತಿರ್ತಾರ. ಬಾಗಿಲಾ ಭಾಳ ದೊಡ್ಡದಿರ್ತದ, ಎತ್ತು ಹೋಗೂವಷ್ಟು, ಅದನ್ನೂ ಕಳಚಿ ನೆಲದಮ್ಯಾಲೆ ಇಟ್ಟೇ ಹಾರ್ತೇವ್ರಿ, ಗುಡ್ಡದಾಗ ರಸ್ತಾ ಇಲ್ಲ, ಅಕ್ಕಿ ಉಪ್ಪು ಮ್ಯಾಲಿಂದನೇ ದೂಡಬೇಕು, ಘಂಟಿ ಬಡೀತಂದ್ರ ಕಾಲಿಲೆ ದೂಡೂದು. ಬಾಬಾ ಕೇಳಿದರು, ಕಟ್ಟಿಕೊಂಡಿರಲಿಲ್ಲೇನ? ಹಗ್ಗ ಇತ್ರಿ ನಡಕ್ಕ, ಚೀಲಕ್ಕ ತೊಡಕತದ ಅಂತ ನಾರಾಯಣಭಾಯಿ ಬಿಚ್ಚಿದ್ದ. ಚೀಲದ ಜತೀಗಿ ಹೋದ. ಮತ್ತ ವಿಮಾನ? ವಿಮಾನ ವಾಪಸ ಬಂತ್ರಿ. ಬಂತ್ರಿ, ಎನ್ನುವಾಗ ಸಲಾವೋದ್ದೀನನ ದನಿ ತಪ್ಪು ಮಾಡಿದವನ ಹಾಗೆ ಇಳಿಯಿತು. ಆಮೇಲೆ ಇದ್ದಿಲ ಚೂರು ತೆಗೆದುಕೊಂಡು ನೆಲದ ಕಲ್ಲಿನ ಮೇಲೆ ಗೆರೆ ಎಳೆದು ತೋರಿಸಿದ, ಇದು ಮೂಗು, ಇದು ಬಾಲ, ಇಲ್ಲಿ ಎಡಕ್ಕ ಬಾಗಿಲಾ, ಇಲ್ಲಿ ನಿಂತಿದ್ದ — ಅಲ್ಲಿ ಇದ್ದಿಲನ್ನು ಒತ್ತಿ ಹಿಡಿದ, ಅದು ಪುಡಿಯಾಯಿತು. ಎದ್ದು ಹೋಗುವಾಗ, ಆ ಡಬ್ಬಿ ತಂಗೀಗಂತ ತಗೊಂಡಿದ್ದ ಸಾಬ್, ಓವಾಳಣಿಗಿ. ಬಾಬಾ ತಮ್ಮ ರುಮಾಲಿನಿಂದಲೇ ಕಲ್ಲು ಒರೆಸಿದರು, ಒರೆಸಿ ಒಳಗೆ ಹೋಗಿ ಆಯಿಯ ಎದುರು ಕೂತು ಹೇಳಿದರು, ಮಂಜು ಇತ್ತಂತ ಕಾವೇರಿ, ಗುಡ್ಡ ಕಾಣಲಿಲ್ಲಂತ, ಕಿಟಕಿ ಕಡಿ ಕುರ್ಚಿದಾಗ ಕೂತಿದ್ದನಂತ, ನಿದ್ದಿ ಹತ್ತಿತ್ತಂತ, ಏನೂ ತಿಳೀಲಿಲ್ಲ ಅವಗ. ಕುರ್ಚಿ ಮೆತ್ತಗಿರ್ತದೇನ್ರಿ, ಆಯಿ ಕೇಳಿದಳು. ಮೆತ್ತಗಿರ್ತದ. ಬಾಬಾ ಮೂವತ್ತು ವರ್ಷ ಕಚೇರಿಯಲ್ಲಿ ಉರ್ದುವಿನಲ್ಲಿ ಬರೆದವರು, ಅವರ ಅಕ್ಷರದಲ್ಲಿ ಒಂದು ಚುಕ್ಕೆ ಆಚೀಚೆ ಆದದ್ದಿಲ್ಲ, ಆ ದಿನ ಮೆತ್ತಗಿರ್ತದ ಅಂದರು, ಅಂದವರು ಹೊರಗೆ ಬಂದಾಗ ಪರದೆ ಸರಿದಿತ್ತು, ಇವಳು ನಿಂತಿದ್ದಳು, ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಅಷ್ಟೇ, ಇವತ್ತಿನವರೆಗೂ ಅಷ್ಟೇ.

ಮೊದಲು ಚಿತ್ರದಲ್ಲಿದ್ದ ಹಾಗೇ ಮಾಡಬೇಕೆಂದಿದ್ದಳು, ದೇವರಾಣೆ, ಕುರ್ಚಿಗಳನ್ನು ಸಾಲಾಗಿ ಅಂಟಿಸಿಯೂ ಇದ್ದಳು, ಆಯಿ ದಿನಾ ಬಂದು ಕೇಳುತ್ತಿದ್ದಳು ಎಷ್ಟಾಯ್ತು ಕುಮು, ಅವನ ಕುರ್ಚಿ ಯಾವದು, ಇದು ಆಯಿ, ಇದೇನ, ಹೌದು ಇದೇ, ಆಯಿಯ ಬೆರಳು ಆ ಕಾಳಿನಷ್ಟು ಕುರ್ಚಿಯನ್ನು ಸವರುತ್ತಿತ್ತು, ಮಲಗಿದ ಕೂಸಿನ ನೆತ್ತಿ ಸವರಿದ ಹಾಗೆ — ಆಯಿ ಅಡಿಗೆಮನೆಗೆ ಹೋದ ಮೇಲೆ ಕುಮುದಿನಿ ಆ ಕುರ್ಚಿಯನ್ನೇ ಮೊದಲು ಕಿತ್ತಳು. ಸಿಟ್ಟಲ್ಲ, ಸಿಟ್ಟು ಯಾರ ಮೇಲೆ. ಅವನು ಎಲ್ಲಿ ನಿಂತಿದ್ದ ಎಂದು ನೋಡಬೇಕಿತ್ತು, ಕುರ್ಚಿಗಳ ನಡುವೆ ನಿಲ್ಲುವುದಕ್ಕೆ ಜಾಗವಿರಲಿಲ್ಲ, ಎಲ್ಲವನ್ನೂ ಕಿತ್ತು ಒಲೆಗೆ ಹಾಕಿದಳು, ಚಟ್ ಚಟ್ ಎಂದವು, ಕುರ್ಚಿ ಕೂರಿಸಲು ನೆಲದಲ್ಲಿದ್ದ ಗುಳಿಗಳಿಗೆ ರಾಳ ಕಾಸಿ ಹೊಯ್ದಳು, ಉಜ್ಜಿ ಸಮ ಮಾಡಿದಳು, ಎರಡು ಹೋಳನ್ನೂ ಸೇರಿಸಿ ಅಂಟಿಸಿದಳು, ನೀಲಿ ಪಟ್ಟೆ ಅಂಟಿಸಲಿಲ್ಲ, ಟ್ರಂಕಿನ ಅಂಗಡಿಯ ಬೂದುಬಣ್ಣ ಬಳಿದಳು, ಕಿಟಕಿಯ ಹೊಳೆಯುವ ಹಾಳೆಗಳ ಮೇಲೆ ಅಚ್ಚಾಗಿದ್ದ ಮುಖಗಳನ್ನು ಒಂದೊಂದಾಗಿ ಕೆರೆದಳು, ಕೂಸನ್ನು ಎತ್ತಿಕೊಂಡಾಕೆಯನ್ನು ಕೊನೆಗೆ. ಉಳಿಯಿಂದ ಬಾಗಿಲನ್ನು ಅಗಲ ಮಾಡಿದಳು, ಒಂದು ಬದಿಗೆ ಸ್ವಲ್ಪ, ಇನ್ನೂ ಸ್ವಲ್ಪ, ಎತ್ತು ಹೋಗುವಷ್ಟು, ಸಲಾವೋದ್ದೀನ ಇದ್ದಿಲು ಒತ್ತಿ ತೋರಿಸಿದ ಜಾಗದವರೆಗೆ, ಕಟ್ಟಿಗೆಯ ಪುಡಿ ಊದಿದಾಗ ಅಲ್ಲಿ ಕಪ್ಪು ಚೌಕ ತೆರೆದುಕೊಂಡಿತು, ಅದರೊಳಗೆ ಬೆರಳಿಟ್ಟು ನಿಲ್ಲಿಸಿ ನೋಡಿದಳು, ಹಿಡಿದುಕೊಳ್ಳುವುದಕ್ಕೆ ಏನೂ ಇಲ್ಲ, ಗಾಳಿ ಎಷ್ಟಿರಬಹುದು, ಬೀದರದಲ್ಲಿ ಕೋಟೆಯ ಬುರುಜು ಹತ್ತಿದರೇ ಸೆರಗು ಹಾರುತ್ತದೆ, ದಾದಾ ಅಲ್ಲಿ ನಿಂತು ಅವಳ ಜಡೆ ಹಿಡಿದುಕೊಳ್ಳುತ್ತಿದ್ದ, ನೀ ಹಾರಿ ಹೋದೀ, ನಾ ಬಾಬಾಗ ಏನ್ ಹೇಳ್ಲಿ.

ಆಯಿ ಪಾಟದ ಮೇಲೆ ವಿಮಾನ ಇಡುತ್ತೇನೆ ಎಂದದ್ದು ಮೊನ್ನೆ, ಅದೇ ದಿನ, ಬೀದರ ಮೈಸೂರು ರಾಜ್ಯಕ್ಕೆ ಸೇರಿದ ದಿನ, ಚೌಬಾರಾ ಬುರುಜಿನ ಹತ್ತಿರ ಭಾಷಣದ ಭೋಂಗಾ ಕಿರುಚುತ್ತಿತ್ತು, ಪಟಾಕಿ ಹಬ್ಬದ್ದೋ ರಾಜ್ಯದ್ದೋ ತಿಳಿಯುತ್ತಿರಲಿಲ್ಲ, ಬಾಬಾ ಕಚೇರಿಯಿಂದ ಬಂದು ಟೋಪಿ ತೆಗೆದು ಕೂತರು, ಉದಗೀರ ಆ ಕಡಿ ಹೋಯ್ತು, ಔರಾದ ಈ ಕಡಿ ಉಳೀತು, ನಮ್ಮಕ್ಕನ ಮನಿ ಮುಂಬೈ ರಾಜ್ಯದಾಗ, ನಮ್ಮದು ಮೈಸೂರದಾಗ, ಎಂದರು, ಪಕ್ಕದ ಮನೆಯ ಶಾಲುಬಾಯಿ ಚಕ್ಕುಲಿ ಕೊಡಲು ಬಂದವಳು, ಮಲಗಿ ಏಳೂದರಾಗ ರಾಜ್ಯಾನೇ ಬದಲಾತು ಕಾವೇರಿಬಾಯಿ, ಗಂಡ ನೋಡಿದ್ರ ಅಂವನೇ, ಎಂದು ನಕ್ಕಳು, ಯಾರೂ ನಗದಿದ್ದಾಗ ದನಿ ತಗ್ಗಿಸಿ, ಈ ಸಲ ಕುಮು ಚಂದ್ರಗ ಬೆಳಗಲಿ, ಅಣ್ಣ ಇಲ್ಲದವರು ಚಂದ್ರಗೇ ಬೆಳಗ್ತಾರಲ್ಲ, ಎಂದಳು. ಆಯಿ ಚಕ್ಕುಲಿಯ ತಾಟನ್ನು ಹಾಗೇ ವಾಪಸು ಸರಿಸಿದಳು. ಇಲ್ಲದವರು ಬೆಳಗಲಿ. ನಮ್ಮಂವ ವಿಮಾನದಾಗ ಅದಾನ, ಮೈ ಸಿಕ್ಕಿಲ್ಲ, ಬೆಂಕಿ ಕೊಟ್ಟಿಲ್ಲ, ಕೂತಲ್ಲೇ ಅದಾನ, ವಿಮಾನಾನೇ ಪಾಟದ ಮ್ಯಾಲಿಟ್ಟು ಬೆಳಗ್ತಾಳ ನನ್ನ ಮಗಳು. ಆವತ್ತಿನಿಂದ ಆಯಿ ಎರಡು ಹೊತ್ತು ಉಣ್ಣುತ್ತಿದ್ದಾಳೆ, ತಿಂಗಳುಗಟ್ಟಲೆ ಬಾಚದ ತಲೆಗೆ ಎಣ್ಣೆ ಹಚ್ಚಿಕೊಂಡಿದ್ದಾಳೆ, ಇವತ್ತು ಬೆಳಿಗ್ಗೆ ಬಾಬಾ ಕುಮುದಿನಿಯ ಹಿಂದೆ ನಿಂತು ವಿಮಾನ ನೋಡಿದರು, ಕುರ್ಚಿಯಿಲ್ಲದ ನೆಲ ನೋಡಿದರು, ಚೌಕ ನೋಡಿದರು, ಕೆಮ್ಮಿದರು, ಕುಮು, ನಿಮ್ಮಾಯಿ ಕಣ್ಣು ಬೆರಳಾಗ ಅದಾವ, ಎಂದರು. ಬಾಗಿಲೊಂದು ಹಚ್ಚಿಬಿಡು ಬೇಟಾ. ಅವರು ಅವಳಲ್ಲಿ ಏನನ್ನಾದರೂ ಬೇಡಿಕೊಂಡದ್ದು ಅದೇ ಮೊದಲು.

ಹಚ್ಚುತ್ತಿದ್ದೇನಲ್ಲ ಬಾಬಾ, ಹಚ್ಚುತ್ತೇನೆ, ಬಾಗಿಲನ್ನು ಒಲೆಗೆ ಹಾಕಿರಲಿಲ್ಲ, ಯಾಕೋ, ಕಡ್ಡಿಪೆಟ್ಟಿಗೆಯಲ್ಲಿಟ್ಟಿದ್ದಳು, ತೆಗೆದಳು, ಉಗುರಿಗಿಂತ ಚಿಕ್ಕದು, ಹಿಡಿಕೆ ಕೂಡ ಕೆತ್ತಿದ್ದಾರೆ, ಅಂಚಿಗೆ ಅಂಟು ಸವರಿ ಚೌಕದ ಒಂದು ಬದಿಗೆ ಒತ್ತಿದಳು, ನಿಂತಿತು, ಇನ್ನೊಂದು ಬದಿ ಬಯಲು, ಅಲ್ಲಿಗೆ ಹಲಗೆ ಬೇಕು, ಹೊತ್ತಿಲ್ಲ, ಕುಮು ಆಯ್ತೇನ ದೀಪಾ ಹಚ್ಚೀನಿ, ಬಂದೆ ಆಯಿ, ಕಾಗದ ಅಂಟಿಸಿ ಬಣ್ಣ ಬಳಿದರೆ, ಬೆರಳಿಗೆ ತಿಳಿಯುತ್ತದೆ, ತಿಳಿಯಲಿ, ಇಲ್ಲ, ತಿಳಿಯಬಾರದು, ಕಾಗದ ಕತ್ತರಿಸಲು ಕೈ ತೆಗೆದಳು, ಬಾಗಿಲು ಒಳಕ್ಕೆ ಬಿದ್ದಿತು. ಟಿಕ್. ಮೊದಲಿನ ಬಾಗಿಲು ಈಗಿನ ಕಂಡಿಗೆ ಎಲ್ಲಿ ಸಾಕು, ಅಂಚು ತಪ್ಪಿ ಒಳಗೆ ಬಿದ್ದು ಬಾಲದ ಕಡೆ ಜಾರಿತು, ಪಿನ್ನು ಹಾಕಿ ಕೆದಕಿದಳು, ಸಿಗುವುದಿಲ್ಲ, ಅಲುಗಿಸಿದಳು, ಟಿಕ್ ಟಿಕ್ ಎನ್ನುತ್ತದೆ, ಓರೆ ಮಾಡಿದರೆ ಬಂದೀತು, ಎಡಕ್ಕೆ ಓರೆ ಮಾಡಿದರೆ — ಮಾಡಲಾರಳು, ಕೈ ಅಲ್ಲೇ ನಿಂತಿತು, ಎಡಕ್ಕೆ ಓರೆ ಮಾಡಿದರೆ ಒಳಗಿದ್ದದ್ದು ಆ ಚೌಕದಿಂದ ಹೊರಗೆ ಬೀಳುತ್ತದೆ. ಕೊಡಿಲ್ಲಿ, ಆಯಿಯ ಬಳೆ, ಆಯಿಯ ತಲೆಯ ಎಣ್ಣೆಯ ವಾಸನೆ, ಯಾವಾಗ ಬಂದಳು, ಎರಡೂ ಅಂಗೈಯಲ್ಲಿ ವಿಮಾನವನ್ನು ತೆಗೆದುಕೊಂಡಳು, ಹಗುರ ಅದ ನೋಡು, ಬೆರಳು ಮೂಗಿನಿಂದ ಹೊರಟಿತು, ರೆಕ್ಕೆ, ಒಂದು ಕಿಟಕಿ, ಇನ್ನೊಂದು ಕಿಟಕಿ, ಇಲ್ಲಿ ಕೂತಿದ್ದ ಹೌದಲ್ಲ, ಬಾಬಾ ಹೊಸ್ತಿಲಲ್ಲಿ ನಿಂತಿದ್ದಾರೆ, ಬೆರಳು ಬಾಲದ ಕಡೆ ನಡೆಯಿತು, ಚೌಕದ ಅಂಚಿಗೆ ಬಂತು, ನಿಂತಿತು, ಒಳಗೆ ಇಳಿಯಿತು. ಬಾಗಿಲಾ ಯಾಕ ಬಿಟ್ಟಿದಿ ಕುಮು, ಥಂಡಿ ಹತ್ತತದಲ್ಲ ಅವಗ. ಆಯಿ ವಿಮಾನವನ್ನು ಕಿವಿಯ ಹತ್ತಿರ ಎತ್ತಿದಳು, ಅಲುಗಿತು, ಟಿಕ್, ಆಯಿಯ ಮುಖ ಪೂರಾ ಬೆಳಗಿತು, ಕೇಳಿದ್ಯಾ, ಒಳಗ ಅದಾನ, ನಾ ಹೇಳಿರಲಿಲ್ಲೇನ್ರಿ, ಒಳಗ ಅದಾನ, ಇನ್ನೊಮ್ಮೆ ಕೇಳಬೇಕೆಂದು ಕೈ ತುಸು ಓರೆ ಮಾಡುತ್ತಿದ್ದಾಳೆ, ಎಡಕ್ಕೆ, ಟಿಕ್, ಬಾಗಿಲು ಬಾಲದಿಂದ ಜಾರಿ ಬರುತ್ತಿದೆ, ಓರೆ ಮಾಡಬ್ಯಾಡ ಆಯಿ, ಓರೆ ಮಾಡಬ್ಯಾಡ, ಪಾಟದ ಹತ್ತಿರದ ದೀಪ ಕಿಟಕಿಗಳಲ್ಲೆಲ್ಲ ಹೊಳೆಯುತ್ತಿದೆ, ಆ ಒಂದು ಚೌಕದಲ್ಲಿ ಮಾತ್ರ ಇಲ್ಲ, ಕಪ್ಪು, ಅದರ ಅಂಚಿಗೆ ಬಂದು ನಿಂತ ಚಿಕ್ಕದೊಂದು, ಹಿಡಿದುಕೊಳ್ಳುವುದಕ್ಕೆ ಏನೂ ಇಲ್ಲ, ಕಪ್ಪು ಚೌಕ, ಚೌಕದ ಅಂಚು, ಅಂಚಿನಲ್ಲಿ —