ಕೊಡೆ ಮೂಸಿದ ಎತ್ತು

ಬೆಲ್ಲದ ಬಾಗೇವಾಡಿಯಲ್ಲಿ ದನದ ವಯಸ್ಸು ತಿಳಿಯಲು ಎಲ್ಲರೂ ಹಲ್ಲು ನೋಡುತ್ತಿದ್ದರು. ಅಣ್ಣಪ್ಪ ಹಾಗಲ್ಲ, ಶಾಣ್ಯಾ ಮನುಷ್ಯ. ಎಳೆಯ ದನ ಹೊಸದೇನು ಕಂಡರೂ ಮೂಸಲು ಬರುತ್ತದೆ, ವಯಸ್ಸಾದದ್ದು ತಿರುಗಿಯೂ ನೋಡುವುದಿಲ್ಲ ಎಂಬುದು ಅವನ ಸಿದ್ಧಾಂತ. ದನದ ಮುಂದೆ ಫಟ್ಟನೆ ಕೊಡೆ ಬಿಚ್ಚಿ, ಅದು ಎಷ್ಟು ಹೆಜ್ಜೆ ಬಂತೆಂದು ನೋಡಿ ವಯಸ್ಸು ಹೇಳುತ್ತಿದ್ದ. ಊರೂ ನಂಬಿತ್ತು. ನಂಬದಿದ್ದರೆ ಪಾಪ, ಮೊದಲಿನಿಂದ ಮತ್ತೆ ವಿವರಿಸುತ್ತಿದ್ದನಲ್ಲ!

ಐವತ್ತೆಂಟನೇ ಇಸವಿಯ ಬಿತ್ತನೆಗೆ ಎಂಟು ದಿನವಿರುವಾಗ ಅವನ ಜೋಡಿಯಲ್ಲೊಂದು ಎತ್ತು ಸತ್ತಿತು. ಒಂಟಿ ಎತ್ತಿನಿಂದ ಬಿತ್ತಲಾಗದು, ಹದ ಯಾರಿಗೂ ಕಾಯದು. ಅಣ್ಣಪ್ಪ ಮೂಡಲಗಿ ಸಂತೆಗೆ ಹೊರಟ.

"ಹಲ್ಲ ನೋಡ್ಕೊಂಡ ಬರ್ರಿ," ಎಂದಳು ಹೆಂಡತಿ ಅಕ್ಕವ್ವ.

"ಹಲ್ಲ ಉಜ್ಜಿ ಮೋಸಾ ಮಾಡ್ತಾರ. ಮೂಗಿಗೆ ಏನ ಮಾಡ್ತಾರ?"

ಸಂತೆಯಲ್ಲೊಂದು ಬಿಳಿ ಎತ್ತು ಕೊಡೆ ಕಂಡು ಸರಸರ ಬಂದು ಮೂಸಿತು, ನೆಕ್ಕಿತು, ಒಳಗೆ ತಲೆ ಹಾಕಿ ಅಣ್ಣಪ್ಪನನ್ನೇ ನೋಡಿತು. "ಬಾಯಿ ತಗದ ನೋಡ್ರಿ, ಯಜಮಾನ್ರ," ಎಂದು ಮಾರುವವ ಎರಡು ಸಲ ಅಂದ. "ಬ್ಯಾಡೋ, ನಾಲ್ಕ ಹಲ್ಲಿಂದು, ಇನ್ನೂ ಎಳೇದು," ಎಂದು ಅಣ್ಣಪ್ಪನೇ ಅವನಿಗೆ ತಿಳಿಸಿಕೊಟ್ಟು ಎತ್ತನ್ನು ಕೊಂಡ.

ಬಿತ್ತನೆಯ ದಿನ ಕೂರಿಗೆ ಹೂಡಿದರೆ ಎತ್ತು ಹತ್ತು ಹೆಜ್ಜೆಗೆ ನಿಂತು ಕಾಗೆ ನೋಡಿತು. ಆಮೇಲೆ ಬಸ್ಸು ನೋಡಿತು. ನಡೆದಾಗಲೂ ಎಡಕ್ಕೇ ತಿರುಗಿ ತಿರುಗಿ ಸಾಲನ್ನು ಬಳೆಯ ಹಾಗೆ ಬಾಗಿಸಿತು. ಬದುವಿನ ಮೇಲೆ ಜನ ಸೇರಿದರು. ಬಾಜೂ ಹೊಲದ ಶಿದ್ರಾಮ ಬಂದು ಎತ್ತಿನ ಬಾಯಿ ತೆರೆದ. ಹಲ್ಲು ಸವೆದು ಮೋಟಾಗಿದ್ದವು.

"ಕಾಕಾ, ಇದು ಗೋಕಾಕದಾಗ ನಾ ಎಣ್ಣಿ ತರತಿದ್ದ ಗಾಣದ ಎತ್ತು. ಹತ್ತ ವರ್ಷ ಕಣ್ಣಿಗೆ ಅರಿವಿ ಕಟ್ಟಿಸಿಕೊಂಡ ತಿರಗೈತಿ. ಗಿರಣಿ ಬಂದು ಗಾಣಾ ನಿಂತ್ವು, ಮಾರಿದ್ರು. ಜಗತ್ತನ್ನ ಈಗ ನೋಡಾಕತ್ತೈತಿ, ಪಾಪ. ಕಣ್ಣ ಕಟ್ರಿ, ಮುಂದ ನಾ ಹಿಡಕೊಂಡ ಹೋಗ್ತೇನಿ, ನಡೀತೈತಿ."

ಅಣ್ಣಪ್ಪ ಹೆಗಲ ಟವೆಲ್ ತೆಗೆದು ಹತ್ತಿರ ತಂದ. ಕಂಡದ್ದನ್ನೆಲ್ಲ ಮೂಸುತ್ತಿದ್ದ ಎತ್ತು ಅದನ್ನು ಮೂಸಲಿಲ್ಲ. ತಾನೇ ತಲೆ ತಗ್ಗಿಸಿ, ಕಣ್ಣು ಮುಚ್ಚಿ ನಿಂತಿತು.

ಅಣ್ಣಪ್ಪ ಕಣ್ಣು ಕಟ್ಟಲಿಲ್ಲ. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ. ಬದುವಿನ ಮೇಲಿನ ಜನ ಕೇಳುವಂತೆಯೇ ಹೇಳಿದ:

"ಇದರ ವಯಸ್ಸ ನನಗ ತಿಳೀಲಿಲ್ಲೋ, ಶಿದ್ರಾಮಾ. ಬಿತ್ತಾಕ ಎರಡ ದಿನಾ ನಿನ್ನ ಒಂದ ಎತ್ತ ಕೊಡು."