ಕೆಸರಿನ ಪಾಲು

“ಕೆಸರು ತಿನ್ನೋ ಮುಂಡೇವಾ, ನಿಮ್ಮ ಬಾಯಿ ಚಪಲಕ್ಕೆ ನಾನು ಫ್ಯಾಕ್ಟರಿ ಮುಚ್ಬೇಕೇನ್ರೇ? ಏಡಿ ಸತ್ರೆ ಸಾಯ್ಲಿ, ಕೋಳಿ ತಗಂಡ್ ತಿನ್ರಿ. ಅರ್ಜಿ ಬರೀತಾರಂತೆ ಅರ್ಜಿ.”

ತೆಂಗಿನ ನಾರಿನ ಫ್ಯಾಕ್ಟರಿಯ ಗೇಟಿನ ಮುಂದೆ ಮಾಲೀಕ ದೇವೀರಪ್ಪ ಬೈಯುತ್ತಿದ್ದರೆ ಹುಲಿಯಮ್ಮ ನೆಲ ನೋಡುತ್ತಿದ್ದಳು. ಮಗಳು ಭೂಮಿಕಾ ನೆಲ ನೋಡಲಿಲ್ಲ. ಫ್ಯಾಕ್ಟರಿಯ ಕೊಳೆನೀರು ಕೆರೆಗೆ ಸೇರುತ್ತಿದೆಯೆಂದು ಅರ್ಜಿ ಬರೆದವಳು ಅವಳೇ. ಅದೇ ಫ್ಯಾಕ್ಟರಿಯಲ್ಲಿ ನಾರು ಬಿಡಿಸುವ ಮಿಷನ್ನಿನ ಮುಂದೆ ನಿಲ್ಲುತ್ತಿದ್ದವಳೂ ಅವಳೇ. ಅವತ್ತು ಸಂಜೆಯೇ ಕೆಲಸ ಹೋಯಿತು. ಮನೆಯಲ್ಲಿ ಬೇರೆ ದುಡಿಮೆ ಇರಲಿಲ್ಲ.

ಊರ ಕೆರೆಯ ಹಂಚಿಕೆ ಹಳೆಯದು. ನೀರು ತೋಟದವರಿಗೆ, ಮೀನು ಹರಾಜು ಕೂಗಿದವರಿಗೆ, ಕೆಸರು ಹುಲಿಯಮ್ಮನ ಕೇರಿಗೆ. ಹಂಚಿದ ಹಿರಿಯರು ಧರ್ಮಾತ್ಮರು, ಯಾರಿಗೂ ಬೇಡದ್ದನ್ನು ಧಾರಾಳವಾಗಿ ಕೊಟ್ಟಿದ್ದರು. ಬೇಸಗೆಯಲ್ಲಿ ಕೇರಿಯ ಹೆಂಗಸರು ಮೊಣಕಾಲುದ್ದ ಕೆಸರಿಗಿಳಿದು ಏಡಿ, ಬಸವನಹುಳ, ಕಪ್ಪೆಚಿಪ್ಪು ತಡಕುತ್ತಿದ್ದರು. ಬಾಣಂತಿಗೂ ಅದೇ ಸಾರು, ಕೆಮ್ಮಿಗೂ ಅದೇ ಸಾರು. ತೆಂಗಿನ ಮಟ್ಟೆ ನೆನೆಹಾಕಿದ ಫ್ಯಾಕ್ಟರಿ ನೀರು ಕೆರೆಗೆ ಹರಿಯತೊಡಗಿದ ಮೇಲೆ ಮೊದಲು ಕಪ್ಪೆಚಿಪ್ಪು ಬಾಯಿಬಿಟ್ಟವು. ಆಮೇಲೆ ಏಡಿ ಕಾಣೆಯಾದವು. ತೋಟಗಳು ಮಾತ್ರ ಹಸಿರಾಗಿಯೇ ಇದ್ದುದರಿಂದ ಊರಿಗೆ ಏನೂ ಆಗಿರಲಿಲ್ಲ.

ಗೇಟಿನ ಮುಂದೆ ಹಾಗೆ ಬೈದಿದ್ದ ದೇವೀರಪ್ಪ ಒಂದು ಬೆಳಿಗ್ಗೆ ಕೇರಿಯ ಬೇವಿನ ಮರದ ತನಕ ದಯಮಾಡಿಸಿದ. ಅದರಾಚೆ ಅವನ ಚಪ್ಪಲಿ ಬರುವುದಿಲ್ಲ.

“ಚೆನ್ನಾಗಿದೀಯೇನವ್ವಾ ಹುಲಿಯಮ್ಮಾ?”

ಬೈಗುಳ ತಿಂದು ಗಟ್ಟಿಯಾಗಿದ್ದ ಹುಲಿಯಮ್ಮ ಈ ‘ಅವ್ವಾ’ ಕೇಳಿ ಎರಡು ಹೆಜ್ಜೆ ಹಿಂದೆ ಸರಿದಳು.

“ಆ ಅರ್ಜಿ ಹಿಡ್ಕಂಡು ನಾಡಿದ್ದು ಪೊಲ್ಯೂಷನ್ ಆಫೀಸ್ನೋರು ಬತ್ತಾರೆ. ತಳದ ಕೆಸರು ಎತ್ತಿ, ಅದ್ರಾಗೆ ಜೀವ ಐತಾ ಅಂತ ನೋಡ್ತಾರಂತೆ. ಅಯ್ಯನಕೆರೆ ಕಡೆಯಿಂದ ಎರಡು ಬುಟ್ಟಿ ಏಡಿ ತಂದು ತೂಬಿನ ಹತ್ರ ಬಿಟ್ಬಿಡು. ಭೂಮಿಕಾ ಅವತ್ತೇ ಕೆಲ್ಸಕ್ಕೆ ಬರ್ಲಿ.”

“ಆ ಕೆಸರಾಗೆ ಅವು ನಿಂತಾವಾ ಸಾವ್ಕಾರ್ರೇ?”

“ಕೆಸರಾಗೆ ಹುಟ್ಟಿದ್ದಕ್ಕೆ ಯಾವ ಕೆಸರಾದ್ರೇನೇ? ನಿಮ್ಮನ್ನ ನೋಡಿಲ್ವಾ ನಾನು.”

ಹುಲಿಯಮ್ಮ ಆ ಮಾತನ್ನು ನುಂಗಿಕೊಂಡು ಒಪ್ಪಿದಳು. ಮಗಳ ಕೆಲಸ ಮುಖ್ಯವಾಗಿತ್ತು. ಭೂಮಿಕಾ ಮಾತ್ರ ಅವತ್ತು ತಾಯಿ ಬಡಿಸಿದ ಮುದ್ದೆ ಮುಟ್ಟಲಿಲ್ಲ.

ಅಯ್ಯನಕೆರೆಯ ಏಡಿಗಳು ಸಖರಾಯಪಟ್ಟಣದಿಂದ ಬಸ್ಸಿನಲ್ಲಿ ಬಂದವು. ಕಂಡಕ್ಟರ್ ಮೂಗು ಮುಚ್ಚಿಕೊಂಡೇ ಅವಕ್ಕೂ ಲಗೇಜ್ ಟಿಕೆಟ್ ಹರಿದ. ಆಫೀಸಿನವರು ಬರುವ ದಿನ ಹುಲಿಯಮ್ಮ ಒಂದು ಬುಟ್ಟಿಯನ್ನು ತೂಬಿನ ಪಕ್ಕ ಸುರಿದು, ಇನ್ನೊಂದಕ್ಕೆ ಒದ್ದೆ ಗೋಣಿ ಹೊದಿಸಿ ಕೆರೆಯ ಏರಿಯ ಮೇಲೆ ಇಟ್ಟುಕೊಂಡಳು, ಕಡಿಮೆ ಬಿದ್ದರೆ ಇರಲಿ ಎಂದು.

ದೇವೀರಪ್ಪ ಎಡವಿದ್ದು ಮರ್ಯಾದೆ ಮಾಡಲು ಹೋಗಿ. ಬಂದವರನ್ನು ನೇರ ಕೆರೆಗೆ ಕರೆತರದೆ ಹೋಳಿಗೆ ಊಟಕ್ಕೆ ಕೂರಿಸಿದ. ಅವರು ಉಂಡು, ಎಲಡಿಕೆ ಹಾಕಿ ಏರಿ ಹತ್ತುವಷ್ಟರಲ್ಲಿ ಏಡಿಗಳೂ ಏರಿ ಹತ್ತಿದ್ದವು. ಮೈಗೆಲ್ಲ ಕಪ್ಪು ಗಸಿ ಮೆತ್ತಿಕೊಂಡು, ಒಂದನ್ನೊಂದು ತುಳಿದುಕೊಂಡು, ಆ ಕೆಸರು ಬಿಟ್ಟು ಓಡುತ್ತಿದ್ದವು.

ಆಫೀಸರ್ ಶರ್ಮಿಳಾ ಗಾಜಿನ ಜಾಡಿ ಹಿಡಿದು ನಿಂತಲ್ಲೇ ನಿಂತಳು. “ಇವೇನು, ಎಲ್ಲಾ ಹೊರಗೆ ಬರ್ತಿದಾವೆ?”

“ಬಿಸ್ಲು ಕಾಯ್ಸಕ್ಕೆ ಮೇಡಂ,” ಎಂದ ದೇವೀರಪ್ಪ ಹುಲಿಯಮ್ಮನ ಕಡೆ ತಿರುಗಿ ಹಲ್ಲು ಕಡಿದ. “ನೋಡ್ತಾ ನಿಂತಿದೀಯಲ್ಲೇ ಬೇವರ್ಸಿ. ಹಿಡಿದು ಒಳಕ್ಕೆ ಹಾಕೇ. ಆ ಬುಟ್ಟೀನೂ ಸುರಿಯೇ.”

ಹುಲಿಯಮ್ಮನ ಕೈ ಬುಟ್ಟಿಯ ಮೇಲೆ ಹೋಯಿತು. ಪಕ್ಕದಲ್ಲಿ ಭೂಮಿಕಾ ಬೆಳಿಗ್ಗೆ ತಾನೆ ಸಿಕ್ಕ ಫ್ಯಾಕ್ಟರಿಯ ನೀಲಿ ಕೋಟು ತೊಟ್ಟು ನಿಂತಿದ್ದಳು. ಹುಲಿಯಮ್ಮನಿಗೆ ಏಡಿಗಳನ್ನು ಕಂಡು ನಾಚಿಕೆಯಾಯಿತು. ಒಂದು ಹೊತ್ತೂ ಅಲ್ಲಿರಲಾರೆವೆಂದು ಅವು ಎದ್ದು ಬಂದಿದ್ದವು. ತಾನು ಹುಟ್ಟಿದಾಗಿನಿಂದ ಕೂತೇ ಇದ್ದೆನಲ್ಲ ಎನಿಸಿತು.

ಭೂಮಿಕಾ ತಾಯಿಯ ಕೈಯಿಂದ ಬುಟ್ಟಿ ತಗೊಂಡಳು.

“ಹಾಂ, ಓದಿದ ಹುಡ್ಗಿ, ತಿಳ್ಕಂತಾಳೆ,” ಎಂದ ದೇವೀರಪ್ಪ.

ಅವಳು ಬುಟ್ಟಿಯನ್ನು ನೀರಿಗೆ ಒಯ್ಯದೆ ಶರ್ಮಿಳಾಳ ಮುಂದೆ, ಏರಿಯ ಮಣ್ಣಿಗೆ ಸುರಿದಳು. “ಇವು ಅಯ್ಯನಕೆರೇವು ಮೇಡಂ, ಬಸ್ಸಲ್ಲಿ ಬಂದವೆ. ನಮ್ಮ ಕೆರೇವು ಅಲ್ಲಿ ಸತ್ತು ಬಿದ್ದವೆ ನೋಡಿ,” ಎಂದು ದಡದಲ್ಲಿ ಗುಡ್ಡೆಬಿದ್ದಿದ್ದ ಕಪ್ಪೆಚಿಪ್ಪಿನ ಕಡೆ ಕೈತೋರಿದಳು. “ಅರ್ಜಿ ಬರ್ದೋಳು ನಾನೇ.” ಕೋಟು ಬಿಚ್ಚಿ ಖಾಲಿ ಬುಟ್ಟಿಗೆ ಹಾಕಿದಳು.

ಏಡಿ ಮುಟ್ಟಿದವರ ನೆರಳು ಬಿದ್ದರೆ ಸ್ನಾನ ಮಾಡುತ್ತಿದ್ದ ದೇವೀರಪ್ಪ ಪಂಚೆ ಎತ್ತಿಕಟ್ಟಿ, ಮಂಡಿಯೂರಿ, ಸಿಕ್ಕಸಿಕ್ಕ ಏಡಿಯನ್ನು ಕೆರೆಗೆ ಎಸೆಯತೊಡಗಿದ. ಒಂದು ಅವನ ಹೆಬ್ಬೆರಳು ಹಿಡಿದು ನೇತಾಡಿತು. ಅವನು ಅಯ್ಯಯ್ಯೋ ಎಂದು, ನೋಡುತ್ತ ನಿಂತಿದ್ದ ಕೇರಿಯ ಹೆಂಗಸರನ್ನು ಕರೆದ.

“ಬೆನ್ನ ಕಡೆಯಿಂದ ಹಿಡೀಬೇಕು ಸಾವ್ಕಾರ್ರೇ,” ಎಂದಳು ಹುಲಿಯಮ್ಮ. “ಮುಂದಿಂದ ಹೋದ್ರೆ ಕಚ್ತವೆ.”

ಹೇಳಿದಳೇ ಹೊರತು ಬಗ್ಗಲಿಲ್ಲ.